ಫ್ರೇಮಿನ ಅಂಚಿನಲ್ಲಿ ನಿಂತ ದೊಡ್ಡಮ್ಮ

ಕಳೆದ ವರ್ಷ ಚಿಕ್ಕಮ್ಮನ ಮಗಳ ಮದುವೆ ಬೆಳುವಾಯಿಯ ನಮ್ಮ ತರವಾಡು ಮನೆಯ ಅಂಗಳದಲ್ಲೇ ನಡೆಯಿತು. ಮದರಂಗಿಯ ರಾತ್ರಿ ವಿಡಿಯೊ ತೆಗೆಯುವ ಕೆಲಸ ನನ್ನದು. ಮನೆಯಲ್ಲಿ ಇಂಜಿನಿಯರಿಂಗ್ ಓದುವವರು ಯಾರೋ ಅವರಿಗೇ ಇಂಥ ಕೆಲಸ ಬರುವುದು, ಬಿಡಿ. ರೀಲ್ಸ್‌ಗೆ ಬೇಕಾದ ಹಾಗೆ ಫೋನನ್ನು ನೆಟ್ಟಗೆ ಹಿಡಿದು, ಮದುಮಗಳ ಮುಖ, ಬಳೆ, ದೀಪ ಎಲ್ಲ ತೆಗೆದೆ. ಅರಸಿನ ಹಚ್ಚುವ ಹೊತ್ತಿಗೆ ಯಾರೋ ಕರೆದರು: 'ಐದು ಮಂದಿ ಮುತ್ತೈದೆಯರು ಬನ್ನಿ.' ಐದು ಮಂದಿ ಬಂದರು. ನಾನು ತೆಗೆದ ವಿಡಿಯೊಗೆ ಹಾಡು ಸೇರಿಸಿ ಹಾಕಿದೆ. ತುಂಬಾ ಲೈಕ್ ಬಂತು.

ಆ ವಿಡಿಯೊವನ್ನು ಮತ್ತೆ ನೋಡಿದ್ದು ಮೊನ್ನೆ ಮೊನ್ನೆ. ಹದಿನಾಲ್ಕನೆಯ ಸೆಕೆಂಡಿನಲ್ಲಿ, ಎಡಬದಿಯ ಅಂಚಿನಲ್ಲಿ, ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತ ಒಂದು ಸೀರೆಯ ಸೆರಗು, ಅರ್ಧ ಮುಖ ಕಾಣುತ್ತದೆ. ಅದು ನನ್ನ ದೊಡ್ಡಮ್ಮ. ಆ ದಿನ ಮದುಮಗಳಿಗೆ ಬೇಕಾದ ಅರಸಿನ ಅರೆದವರು ಅವರೇ. ಬೆಳಗ್ಗಿನಿಂದ ಐವತ್ತು ಜನರ ಚಾ ತಿಂಡಿ ನೋಡಿದವರೂ ಅವರೇ. ಆದರೆ ದೊಡ್ಡಪ್ಪ ತೀರಿಕೊಂಡು ಒಂಬತ್ತು ವರ್ಷವಾಯಿತು. 'ಮುತ್ತೈದೆಯರು ಬನ್ನಿ' ಎಂದ ಕೂಡಲೇ, ಯಾರೂ ಹೇಳದೆಯೇ, ಅವರು ಎದ್ದು ಬಾಗಿಲಿನ ಬಳಿ ಹೋಗಿ ನಿಂತಿದ್ದರು. ನಾನು ಫ್ರೇಮ್ ಸ್ವಲ್ಪ ಬಲಕ್ಕೆ ಸರಿಸಿದ್ದೆ, 'ಬ್ಯಾಕ್‌ಗ್ರೌಂಡ್ ಕ್ಲೀನ್ ಇರಲಿ' ಎಂದು.

ಇದನ್ನು ನನಗೆ ಕಾಣಿಸಿದ್ದು ಒಂದು ಹಳೆಯ ಕನ್ನಡ ಸಿನಿಮಾ, ಅದಕ್ಕೂ ಮೊದಲು ದೂರದ ಆಫ್ರಿಕಾದ ಇನ್ನೊಂದು ಸಿನಿಮಾ. ಆ ಎರಡು ಸಿನಿಮಾಗಳ ಬಗ್ಗೆ, ಅವನ್ನು ಮಾಡಿದ ಇಬ್ಬರು ಹೆಂಗಸರ ಬಗ್ಗೆ ನನ್ನ ವಯಸ್ಸಿನವರ ಜೊತೆ ಮಾತಾಡಬೇಕು ಅನ್ನಿಸಿತು.

ಹಾಸ್ಟೆಲ್‌ನ ಗೆಳತಿಯೊಬ್ಬಳ ಲ್ಯಾಪ್‌ಟಾಪ್‌ನಲ್ಲಿ ಮೊದಲು ನೋಡಿದ್ದು 'ಸಾಂಬಿಝಾಂಗಾ', 1972ರ ಚಿತ್ರ. ನಿರ್ದೇಶಕಿ ಸಾರಾ ಮಾಲ್ಡರೋರ್. ಹುಟ್ಟಿದ್ದು 1929ರಲ್ಲಿ ಫ್ರಾನ್ಸಿನಲ್ಲಿ. ತಂದೆ ಕೆರಿಬಿಯನ್ ದ್ವೀಪ ಗ್ವಾಡಲೂಪ್ ಕಡೆಯ ಕಪ್ಪು ವರ್ಣೀಯರು. 1956ರಲ್ಲಿ ಪ್ಯಾರಿಸ್‌ನಲ್ಲಿ ಗೆಳೆಯರ ಜೊತೆ ಸೇರಿ ಕಪ್ಪು ಕಲಾವಿದರದೇ ಒಂದು ನಾಟಕ ತಂಡ ಕಟ್ಟಿದರು. ಬಿಳಿಯರ ನಾಟಕಗಳಲ್ಲಿ ಮನೆಗೆಲಸದವಳ ಪಾತ್ರ ಮಾತ್ರ ಸಿಗುತ್ತಿದ್ದ ಕಾಲ ಅದು. ಆಮೇಲೆ ಮಾಸ್ಕೋಗೆ ಹೋಗಿ ಸಿನಿಮಾ ಕಲಿತರು. ಆಫ್ರಿಕಾದಲ್ಲಿ ಪೂರ್ಣಪ್ರಮಾಣದ ಚಿತ್ರ ಮಾಡಿದ ಮೊದಲ ಮಹಿಳೆಯರಲ್ಲಿ ಅವರೂ ಒಬ್ಬರು. 2020ರ ಏಪ್ರಿಲ್‌ನಲ್ಲಿ, ನಾವೆಲ್ಲ ಲಾಕ್‌ಡೌನ್‌ನಲ್ಲಿ ಕೂತಿದ್ದಾಗ, ಕೋವಿಡ್‌ನಿಂದ ತೀರಿಕೊಂಡರು.

'ಸಾಂಬಿಝಾಂಗಾ' ಅಂಗೋಲಾ ದೇಶದ ಕಥೆ. ಆಗ ಅಲ್ಲಿ ಪೋರ್ಚುಗೀಸರ ಆಳ್ವಿಕೆ. ಟ್ರ್ಯಾಕ್ಟರ್ ಓಡಿಸುವ ಡೊಮಿಂಗೋಸ್ ಎಂಬವನನ್ನು ಪೊಲೀಸರು ಎತ್ತಿಕೊಂಡು ಹೋಗುತ್ತಾರೆ. ಅವನ ಹೆಂಡತಿ ಮರಿಯಾ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಗಂಡನನ್ನು ಹುಡುಕುತ್ತಾ ಹೊರಡುತ್ತಾಳೆ. ಒಂದು ಠಾಣೆಯಿಂದ ಇನ್ನೊಂದಕ್ಕೆ, ಹಳ್ಳಿಯಿಂದ ರಾಜಧಾನಿ ಲುವಾಂಡಾಕ್ಕೆ. ಅತ್ತ ಜೈಲಿನಲ್ಲಿ ಅವನು ಜೊತೆಗಾರರ ಹೆಸರು ಹೇಳದೆ ಹೊಡೆತ ತಿಂದೇ ಸಾಯುತ್ತಾನೆ. ಅಂಗೋಲಾ ಇನ್ನೂ ಸ್ವತಂತ್ರವಾಗಿರದ ಕಾರಣ ಅಲ್ಲಿ ಚಿತ್ರೀಕರಣ ಸಾಧ್ಯವಿರಲಿಲ್ಲ. ಪಕ್ಕದ ಕಾಂಗೋ ದೇಶದಲ್ಲಿ, ಹೋರಾಟದಲ್ಲಿದ್ದ ಜನರನ್ನೇ ನಟರನ್ನಾಗಿಸಿ ಚಿತ್ರ ತೆಗೆದರು.

ಬೇರೆ ಯಾರಾದರೂ ಆಗಿದ್ದರೆ ಕ್ಯಾಮೆರಾ ಬಂದೂಕಿನ ಹಿಂದೆ ಹೋಗುತ್ತಿತ್ತು. ಮಾಲ್ಡರೋರ್ ಕ್ಯಾಮೆರಾ ಮರಿಯಾಳ ಕಾಲಿನ ಹಿಂದೆ ಹೋಗುತ್ತದೆ. ದಾರಿ, ಧೂಳು, ಮಗುವಿನ ಅಳು, ದಾರಿಯಲ್ಲಿ ಸಿಗುವ ಹೆಂಗಸರು. ಗಂಡ ಏನು ಮಾಡುತ್ತಿದ್ದ ಎಂಬುದು ಅವಳಿಗೆ ಪೂರ್ತಿ ತಿಳಿದಿಲ್ಲ. ಹುಡುಕುತ್ತಾ ಹುಡುಕುತ್ತಾ ಅವಳಿಗೆ ತಿಳಿಯುತ್ತಾ ಹೋಗುತ್ತದೆ, ನೋಡುವ ನಮಗೂ ಹಾಗೆಯೇ. 'ಹೋರಾಟದ ಸಿನಿಮಾ ಇಷ್ಟು ಸುಂದರವಾಗಿ ಇರಬಹುದೇ, ನಾಯಕಿ ಇಷ್ಟು ಚೆಂದ ಇರಬೇಕೇ' ಎಂದು ಆಗ ಆಕ್ಷೇಪ ಬಂದಿತ್ತಂತೆ. ನನಗೆ ಅನ್ನಿಸುವುದು ಇಷ್ಟೇ: ಬಡವರ ಕಥೆ ಹೇಳುವಾಗ ಅವರನ್ನು ಕೊಳಕಾಗಿಯೇ ತೋರಿಸಬೇಕು ಎಂಬ ನಿಯಮ ಮಾಡಿದವರು ಯಾರು? ಒಂದು ಜನವನ್ನು ಚೆಂದವಾಗಿ ತೋರಿಸುವುದೂ ಆಳುವವರಿಗೆ ಕೊಡುವ ಉತ್ತರವೇ.

ಪೋರ್ಚುಗೀಸರು ಎಂದಾಗ ನಮ್ಮ ಊರಿನವರಿಗೆ ತಟ್ಟನೆ ನೆನಪಾಗುವ ಹೆಸರು ಅಬ್ಬಕ್ಕ. 16ನೇ ಶತಮಾನದಲ್ಲಿ ಪೋರ್ಚುಗೀಸರಿಗೆ ಎದುರು ನಿಂತ ಉಳ್ಳಾಲದ ರಾಣಿ ಚೌಟ ಮನೆತನದವರು. ಆ ಚೌಟರ ಅರಮನೆ ಬೆಳುವಾಯಿಯಿಂದ ಕೂಗಳತೆಯ ಮೂಡುಬಿದಿರೆಯಲ್ಲಿ ಇಂದಿಗೂ ಇದೆ. ಒಂಬತ್ತು ಹೆಂಗಸರ ದೇಹಗಳು ಸೇರಿ ಒಂದು ಆನೆಯಾದ 'ನವನಾರೀ ಕುಂಜರ'ದ ಕೆತ್ತನೆ ನೋಡಲು ಶಾಲೆಯಿಂದ ಕರೆದುಕೊಂಡು ಹೋಗಿದ್ದರು. ನಮ್ಮ ಕರಾವಳಿಗೆ ಬಂದ ಅದೇ ಪೋರ್ಚುಗೀಸರು ಗೋವಾ ಬಿಟ್ಟದ್ದು 1961ರ ಡಿಸೆಂಬರ್‌ನಲ್ಲಿ. ಅದೇ 1961ರ ಫೆಬ್ರವರಿ 4ರಂದು ಲುವಾಂಡಾದಲ್ಲಿ ಜೈಲುಗಳ ಮೇಲೆ ದಾಳಿಯಾಗಿ ಅಂಗೋಲಾದ ಸಶಸ್ತ್ರ ಹೋರಾಟ ಶುರುವಾಯಿತು. 'ಸಾಂಬಿಝಾಂಗಾ' ಬಂದು ನಿಲ್ಲುವುದು ಆ ದಾಳಿಯ ಹೊಸ್ತಿಲಲ್ಲಿ. ಅಂಗೋಲಾ ಸ್ವತಂತ್ರವಾದದ್ದು 1975ರ ನವೆಂಬರ್ 11ರಂದು. ಭಾಷಣ ಸ್ಪರ್ಧೆಗಳಲ್ಲಿ ಅಬ್ಬಕ್ಕನ ಬಗ್ಗೆ ಮಾತಾಡಿ ನಾನೂ ಬಹುಮಾನ ತಗೊಂಡಿದ್ದೇನೆ. ಆದರೆ ಆಕೆಯ ಶತ್ರುಗಳು ನಮ್ಮ ಅಜ್ಜ ಅಜ್ಜಿಯ ಕಾಲದವರೆಗೂ ಇನ್ನೊಂದು ಖಂಡದ ಜನರನ್ನು ಆಳುತ್ತಿದ್ದರು ಎಂಬುದು ಈ ಸಿನಿಮಾ ನೋಡುವ ತನಕ ನನ್ನ ತಲೆಗೆ ಹೊಳೆದೇ ಇರಲಿಲ್ಲ.

ಮಾಲ್ಡರೋರ್ ಅದಕ್ಕೂ ಮೊದಲು 'ಮೊನಾಂಗಾಂಬೆ' ಎಂಬ ಕಿರುಚಿತ್ರ ಮಾಡಿದ್ದರು. ಜೈಲಿನಲ್ಲಿರುವ ಗಂಡನಿಗೆ ಹೆಂಡತಿ 'ಕಂಪ್ಲೀಟ್' ತರುತ್ತೇನೆ ಎನ್ನುತ್ತಾಳೆ. ಲುವಾಂಡಾದ ಜನರ ಬಾಯಲ್ಲಿ ಅದು ಮೀನು, ಬೀನ್ಸ್, ಬಾಳೆಹಣ್ಣಿನ ಊಟದ ಹೆಸರು. ಪೋರ್ಚುಗೀಸ್ ಅಧಿಕಾರಿಗಳಿಗೆ ಅದು ಕೋಟು ಪ್ಯಾಂಟಿನ ಸೂಟು. ಸೂಟಿನೊಳಗೆ ಏನೋ ಗುಟ್ಟು ಬರುತ್ತಿದೆ ಎಂದುಕೊಂಡು ಕೈದಿಯನ್ನು ಹಿಂಸಿಸುತ್ತಾರೆ. ಎಷ್ಟೋ ವರ್ಷಗಳಿಂದ ಆಳುತ್ತಿದ್ದರೂ ಆ ಜನರ ಒಂದು ಊಟದ ಹೆಸರು ಅವರಿಗೆ ಗೊತ್ತಿಲ್ಲ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಕಾಲೇಜಿನಲ್ಲಿ ಇಂಗ್ಲಿಷ್ ಎಂದು ಮೂರು ಬಾಯಿ ಇಟ್ಟುಕೊಂಡು ಬೆಳೆದ ನಮಗೆ ಆ ಚಿತ್ರದ ವ್ಯಂಗ್ಯ ಬಿಡಿಸಿ ಹೇಳಬೇಕಾಗಿಲ್ಲ.

ಇದೆಲ್ಲ ನೋಡಿದ ಮೇಲೆ ಒಂದು ಪ್ರಶ್ನೆ ಬಂತು. ಹಾಗಾದರೆ ನಮ್ಮಲ್ಲಿ ಯಾರು? ಕನ್ನಡದಲ್ಲಿ ಮೊದಲು ಸಿನಿಮಾ ನಿರ್ದೇಶಿಸಿದ ಹೆಂಗಸು ಯಾರು? ನಮ್ಮ ಕ್ಲಾಸಿನ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಕೇಳಿದೆ. ಅರವತ್ತು ಜನರ ಗ್ರೂಪಿನಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ.

ಅವರು ಪ್ರೇಮಾ ಕಾರಂತ. ಹೆಸರು ಹೇಳಿದಾಗ ಒಬ್ಬ ಹುಡುಗ 'ಓ, ಬಿ.ವಿ. ಕಾರಂತರ ಹೆಂಡತಿಯಾ?' ಎಂದ. ಹೌದು. ಬಿ.ವಿ. ಕಾರಂತರು ನಮ್ಮವರೇ. ಬೆಳುವಾಯಿಯಿಂದ ಮೂಡುಬಿದಿರೆ, ಸಿದ್ಧಕಟ್ಟೆ ದಾಟಿ ಬಂಟ್ವಾಳಕ್ಕೆ ಹೋದರೆ ಅದೇ ತಾಲೂಕಿನ ಮಂಚಿ ಅವರ ಹುಟ್ಟೂರು. ಅವರ 'ಚೋಮನ ದುಡಿ' 1975ರ ಸಾಲಿನ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲ ಪಡೆದದ್ದನ್ನು ಸಾಮಾನ್ಯ ಜ್ಞಾನದ ಪುಸ್ತಕಗಳಲ್ಲಿ ಓದಿ ಬಾಯಿಪಾಠ ಮಾಡಿದ್ದೇವೆ. ಪ್ರೇಮಾ ಕಾರಂತರೂ ಸಿನಿಮಾ ನಿರ್ದೇಶಿಸಿದ್ದರು ಎಂದು ಯಾವ ಪುಸ್ತಕವೂ ನನಗೆ ಹೇಳಿರಲಿಲ್ಲ. ಮಾಲ್ಡರೋರ್ ಅವರದೂ ಇದೇ ಕಥೆ. ಅವರ ಸಂಗಾತಿ ಮಾರಿಯೊ ಪಿಂಟೊ ಡಿ ಅಂದ್ರಾಡೆ ಅಂಗೋಲಾ ಸ್ವಾತಂತ್ರ್ಯ ಹೋರಾಟದ ದೊಡ್ಡ ನಾಯಕ. ಇಬ್ಬರು ಹೆಂಗಸರಿಗೂ ದೊಡ್ಡ ಗಂಡಸರ ಹೆಸರಿನ ನೆರಳು ಇತ್ತು. ಇಬ್ಬರೂ ನಾಟಕದಿಂದಲೇ ಸಿನಿಮಾಕ್ಕೆ ಬಂದರು. ಪ್ರೇಮಾ ಶಾಲಾ ಶಿಕ್ಷಕಿಯಾಗಿದ್ದವರು. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತರು, ಬೆಂಗಳೂರಿನಲ್ಲಿ ಬೆನಕ ಮಕ್ಕಳ ನಾಟಕ ಕೇಂದ್ರ ಕಟ್ಟಿ ಮಕ್ಕಳಿಗೆ ನಾಟಕ ಆಡಿಸಿದರು. 2007ರಲ್ಲಿ ತೀರಿಕೊಂಡರು. ಅವರ ಆತ್ಮಕಥೆಯ ಹೆಸರು 'ಸೋಲಿಸಬೇಡ ಗೆಲಿಸಯ್ಯ'.

ಅವರು ನಿರ್ದೇಶಿಸಿದ ಮೊದಲ ಚಿತ್ರ 'ಫಣಿಯಮ್ಮ'. 1982ರ ಸಾಲಿನ ರಾಷ್ಟ್ರ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಕನ್ನಡ ಚಿತ್ರವಾಯಿತು. ತೀರ್ಥಹಳ್ಳಿಯ ಎಂ.ಕೆ. ಇಂದಿರಾ ಅವರು 1976ರಲ್ಲಿ ಬರೆದ ಕಾದಂಬರಿ ಅದಕ್ಕೆ ಆಧಾರ. ಕಟ್ಟುಕಥೆಯಲ್ಲ, ಇಂದಿರಾ ಅವರ ಬಂಧುವೇ ಆಗಿದ್ದ ಒಬ್ಬ ಅಜ್ಜಿಯ ಬದುಕು. ಮಲೆನಾಡಿನ ದೊಡ್ಡ ಬ್ರಾಹ್ಮಣ ಕುಟುಂಬದ ಹುಡುಗಿ. ಒಂಬತ್ತನೇ ವರ್ಷಕ್ಕೆ ಮದುವೆ, ಸ್ವಲ್ಪ ದಿನದಲ್ಲೇ ಹಾವು ಕಚ್ಚಿ ಗಂಡನ ಸಾವು. ಸಂಸಾರ ಎಂದರೆ ಏನೆಂದು ತಿಳಿಯುವ ಮೊದಲೇ ವಿಧವೆ. ಮೈನೆರೆದ ಮೇಲೆ ತಲೆ ಬೋಳಿಸಿದರು. ಕೆಂಪು ಸೀರೆ, ಒಪ್ಪೊತ್ತಿನ ಊಟ, ಮಡಿ. ಆಮೇಲೆ ದೀರ್ಘವಾದ, ಬಹಳ ದೀರ್ಘವಾದ ಆಯುಷ್ಯ. ಫಣಿಯಮ್ಮನ ಪಾತ್ರ ಎಲ್.ವಿ. ಶಾರದಾ ಅವರದು.

ಫೋನಿನಲ್ಲಿ ಸಿಕ್ಕಿದ ಮಸುಕಾದ ಪ್ರತಿಯಲ್ಲಿ ಅದನ್ನು ನೋಡಿದೆ. ಮೊದಲ ಇಪ್ಪತ್ತು ನಿಮಿಷ ನನಗೂ 'ಸ್ಲೋ' ಅನ್ನಿಸಿತು, 1.5 ಪಟ್ಟು ವೇಗಕ್ಕೆ ಹಾಕಿದೆ. ಸ್ವಲ್ಪ ಹೊತ್ತಿನಲ್ಲಿ ನನಗೇ ನಾಚಿಕೆಯಾಗಿ ವೇಗವನ್ನು ಒಂದಕ್ಕೆ ತಂದೆ. ಅವಳು ಬದುಕಿದ ದಿನಗಳಿಗೆ ವೇಗ ಹೆಚ್ಚಿಸುವ ಬಟನ್ ಇರಲಿಲ್ಲವಲ್ಲ. ಆ ನಿಧಾನ ನಿರ್ದೇಶಕಿಗೆ ಕೈಬಾರದೆ ಆದದ್ದಲ್ಲ, ಬೇಕೆಂದೇ ಇಟ್ಟದ್ದು. ಒಂದು ಮನೆಯೊಳಗೆ ಒಬ್ಬ ಹೆಂಗಸಿನ ಆಯುಷ್ಯವೆಲ್ಲ ಹೇಗೆ ಕೆಲಸವಾಗಿ ಕರಗುತ್ತದೆ ಎಂಬುದನ್ನು ಓಡಿಸಿ ತೋರಿಸಲು ಆಗುವುದಿಲ್ಲ.

ಫಣಿಯಮ್ಮ ಭಾಷಣ ಮಾಡುವುದಿಲ್ಲ, ಯಾರ ಮೇಲೂ ಕೂಗಾಡುವುದಿಲ್ಲ. ಆದರೆ ಕೆಳಜಾತಿಯ ಹೆಣ್ಣೊಬ್ಬಳು ಹೆರಿಗೆಯ ಕಷ್ಟದಲ್ಲಿದ್ದಾಗ ಮಡಿಯನ್ನು ಬದಿಗಿಟ್ಟು ಹೋಗಿ ಹೆರಿಗೆ ಮಾಡಿಸುತ್ತಾಳೆ. ದಾಕ್ಷಾಯಣಿ ಎಂಬ ಎಳೆಯ ವಿಧವೆ 'ನಾನು ತಲೆ ಬೋಳಿಸಿಕೊಳ್ಳುವುದಿಲ್ಲ' ಎಂದು ಹಟ ಹಿಡಿದಾಗ, ತಾನು ಆ ಎಲ್ಲ ನಿಯಮ ಪಾಲಿಸಿದ ಫಣಿಯಮ್ಮನೇ ಆ ಹುಡುಗಿಯ ಪರ ನಿಲ್ಲುತ್ತಾಳೆ. ನನಗಾದದ್ದು ಇವಳಿಗೂ ಆಗಲಿ ಎನ್ನುವುದಿಲ್ಲ. ಇಡೀ ಚಿತ್ರದಲ್ಲಿ ನನಗೆ ಹೆಚ್ಚು ತಟ್ಟಿದ್ದು ಇದು. ರ‍್ಯಾಗಿಂಗ್‌ನಿಂದ ಹಿಡಿದು ಸೊಸೆಯನ್ನು ನಡೆಸಿಕೊಳ್ಳುವ ತನಕ 'ನಾವು ಅನುಭವಿಸಿಲ್ಲವೇ, ನೀವೂ ಅನುಭವಿಸಿ' ಎಂಬುದೇ ನಮ್ಮಲ್ಲಿ ನಡೆಯುವ ನ್ಯಾಯ. ಆ ಸರಪಳಿ ತನ್ನಲ್ಲಿಗೇ ಮುಗಿಯಲಿ ಎಂದವಳು ಫಣಿಯಮ್ಮ.

ಇಬ್ಬರು ನಿರ್ದೇಶಕಿಯರ ಕೆಲಸ ಒಂದೇ ರೀತಿಯದು ಎಂದು ನಾನು ಹೇಳುತ್ತಿಲ್ಲ. ಡೊಮಿಂಗೋಸ್‌ನನ್ನು ಕೊಂದವರು ಹೊರಗಿನಿಂದ ಬಂದವರು. ಅವರ ಮೇಲೆ ಸಿಟ್ಟು ಮಾಡುವುದು ಸುಲಭ, ಅವರು ಹಡಗು ಹತ್ತಿ ಹೋದ ದಿನ ಬಾವುಟ ಹಾರಿಸಬಹುದು. ಫಣಿಯಮ್ಮನ ತಲೆ ಬೋಳಿಸಿದವರು ಅವಳನ್ನು ಎತ್ತಿ ಆಡಿಸಿದ ಮನೆಯವರು. ಅವರ ಮೇಲೆ ಸಿಟ್ಟು ಬರುವುದಕ್ಕೂ ಕಷ್ಟ. ಬ್ರಿಟಿಷರ ಕಾಲದಲ್ಲೇ, 1856ರಲ್ಲಿ, ಹಿಂದೂ ವಿಧವೆಯರ ಮರುಮದುವೆಗೆ ಕಾನೂನಿನ ಒಪ್ಪಿಗೆ ಬಂದಿತ್ತು. ಆ ಕಾನೂನು ಮಲೆನಾಡಿನ ಆ ಮನೆಯ ಜಗಲಿಯನ್ನು ಹತ್ತಲಿಲ್ಲ. 1947ರಲ್ಲಿ ಬ್ರಿಟಿಷರೂ ಹೋದರು. ಒಳಮನೆಯ ಆಳ್ವಿಕೆಗೆ ಆಗಸ್ಟ್ 15 ಎಂಬುದು ತಾನಾಗಿ ಬರುವುದಿಲ್ಲ. ಅದನ್ನು ಯಾರಾದರೂ ಒಬ್ಬರು, ಒಂದು ಮನೆಯಲ್ಲಿ, ಒಂದು ದಿನ ತರಬೇಕಾಗುತ್ತದೆ. ಪ್ರೇಮಾ ಕಾರಂತರ ಚಿತ್ರವನ್ನು ನಾನು ಸ್ವಾತಂತ್ರ್ಯದ ಚಿತ್ರ ಎಂದು ಕರೆಯುವುದು ಈ ಅರ್ಥದಲ್ಲಿ.

ಇದನ್ನೆಲ್ಲ ಗೆಳೆಯರಲ್ಲಿ ಹೇಳಿದಾಗ ಎರಡು ಮಾತು ಬಂತು. ಒಂದು, 'ಇದರಿಂದ ಪ್ಲೇಸ್‌ಮೆಂಟ್ ಸಿಗುತ್ತದಾ ಮಾರಾಯ್ತಿ?' ಸಿಗುವುದಿಲ್ಲ. ಆಪ್ಟಿಟ್ಯೂಡ್ ಪರೀಕ್ಷೆಯಲ್ಲಿ ಫಣಿಯಮ್ಮನ ಬಗ್ಗೆ ಪ್ರಶ್ನೆ ಬರುವುದಿಲ್ಲ. ಆದರೆ ನಾಳೆ ನಾವು ಕ್ಯಾಮೆರಾ, ಆ್ಯಪ್, ಮುಖ ಗುರುತಿಸುವ ಸಾಫ್ಟ್‌ವೇರ್ ಮಾಡುವವರು. ಯಾರು ಫ್ರೇಮಿನೊಳಗೆ ಇರಬೇಕು, ಯಾರು 'ಬ್ಯಾಕ್‌ಗ್ರೌಂಡ್' ಎಂದು ತೀರ್ಮಾನಿಸುವ ಕೆಲಸ ನಮ್ಮ ಕೈಗೇ ಬರುತ್ತದೆ. ಮದರಂಗಿಯ ರಾತ್ರಿ ನಾನು ಆ ತೀರ್ಮಾನವನ್ನು ಅರ್ಧ ಸೆಕೆಂಡಿನಲ್ಲಿ, ಯೋಚಿಸದೆ ಮಾಡಿದ್ದೆ. ಯೋಚಿಸುವುದನ್ನು ಕಲಿಸುವ ಪೇಪರ್ ನಮ್ಮ ಸಿಲೆಬಸ್‌ನಲ್ಲಿ ಇಲ್ಲ.

ಇನ್ನೊಂದು ಮಾತು, 'ಅದು ಬ್ರಾಹ್ಮಣರ ಮನೆಯ ಹಳೆಯ ಕಥೆ, ನಮಗೇನು?' ನಮ್ಮದು ಅಳಿಯಕಟ್ಟಿನ ಮನೆ. ಹೆಣ್ಣಿನ ಹೆಸರಿನಿಂದಲೇ ಕುಟುಂಬ ಗುರುತಿಸುವವರು ನಾವು. ನಮ್ಮಲ್ಲಿ ಯಾರ ತಲೆಯನ್ನೂ ಬೋಳಿಸಿದವರಿಲ್ಲ. ನಾನೂ ಅದೇ ಹೆಮ್ಮೆಯಲ್ಲಿ ಸಿನಿಮಾ ನೋಡಲು ಕೂತಿದ್ದೆ. ನೋಡಿ ಮುಗಿಸಿ ಮದುವೆಯ ವಿಡಿಯೊ ತೆರೆದಾಗ ಆ ಹೆಮ್ಮೆ ಉಳಿಯಲಿಲ್ಲ. ದೊಡ್ಡಮ್ಮನ ತಲೆಗೂದಲು ಇದೆ, ಬಣ್ಣದ ಸೀರೆಯೂ ಇದೆ. ಮೂವತ್ತು ವರ್ಷದಿಂದ ಮಡಿಲಲ್ಲಿ ತಡಪೆ ಇಟ್ಟುಕೊಂಡು ಬೀಡಿ ಕಟ್ಟುತ್ತಾರೆ. ನನ್ನ ಎರಡನೇ ಸೆಮಿಸ್ಟರಿನ ಫೀಸಿಗೆ ಕಡಿಮೆ ಬಿದ್ದಾಗ ಬೀಡಿಯ ಬೋನಸ್ ಹಣ ತಂದು ಕೊಟ್ಟವರು ಅವರು. ಆ ಕೈ ದುಡ್ಡು ಕೊಡಬಹುದು, ಅರಸಿನ ಅರೆಯಬಹುದು. ಹಚ್ಚಬಾರದು, ಸೇಸೆ ಹಾಕಬಾರದು. ಕತ್ತರಿ ಹಿಡಿದವರು ಯಾರೂ ಇಲ್ಲದಿದ್ದರೂ ಬಾಗಿಲ ಬಳಿಯ ಜಾಗ ಮಾತ್ರ ಹಾಗೇ ಇದೆ.

ಬರುವ ತಿಂಗಳು ನನ್ನ ಅಕ್ಕನ ಮದುವೆ. ಊಟದ ಹೊತ್ತಿಗೆ ಮನೆಯಲ್ಲಿ ಹೇಳಿದೆ: 'ಅರಸಿನ ಮೊದಲು ದೊಡ್ಡಮ್ಮ ಹಚ್ಚಲಿ.' ಅಪ್ಪ ತಟ್ಟೆ ನೋಡುತ್ತಾ ಕೂತರು. ಅಮ್ಮ, 'ಗಂಡಿನ ಕಡೆಯವರು ಏನಾದರೂ ಅಂದರೆ?' ಎಂದರು. ಅಜ್ಜಿ, 'ಎಂತಕ್ಕೆ ಇಲ್ಲದ ಉಸಾಬರಿ ನಿನಗೆ' ಎಂದರು. ಅಕ್ಕ ಮಾತ್ರ, 'ನನ್ನನ್ನು ಮೀಯಿಸಿ ಬೆಳೆಸಿದ್ದು ದೊಡ್ಡಮ್ಮ. ಅವರು ಹಚ್ಚದ ಅರಸಿನ ನನಗೆ ಬೇಡ' ಎಂದಳು. ನಾನು ಇಷ್ಟು ಓದಿ, ಎರಡು ಸಿನಿಮಾ ನೋಡಿ ಹೇಳಿದ್ದನ್ನು ಅವಳು ಯಾವ ಸಿನಿಮಾ ನೋಡದೆಯೂ ಹೇಳಿದಳು.

ದೊಡ್ಡಮ್ಮನಲ್ಲಿ ಕೇಳಲು ಹೋದೆ. ಬೀಡಿ ಕಟ್ಟುತ್ತಿದ್ದರು. ತಲೆ ಎತ್ತದೆ, 'ಬೇಡ ಮಗಾ, ನನ್ನಿಂದಾಗಿ ಶುಭಕಾರ್ಯದಲ್ಲಿ ಮಾತು ಬರುವುದು ಬೇಡ' ಎಂದರು. ಅವರನ್ನು ಒತ್ತಾಯಿಸುವ ಹಕ್ಕು ನನಗಿಲ್ಲ. ಒಂಬತ್ತು ವರ್ಷ ಬಾಗಿಲ ಬಳಿ ನಿಲ್ಲಿಸಿ, ಈಗ ನಮ್ಮ ಸಮಾಧಾನಕ್ಕಾಗಿ ಎಲ್ಲರೆದುರು ಎಳೆದು ತರುವುದೂ ಇನ್ನೊಂದು ಬಗೆಯ ಜುಲುಮೆಯೇ ಆಗುತ್ತದೆ. ಹಾಗಾಗಿ ಕರೆಯುವ ಮಾತನ್ನಾದರೂ ಬದಲಿಸೋಣ ಎಂದು ಅಕ್ಕ ಮತ್ತು ನಾನು ತೀರ್ಮಾನಿಸಿದ್ದೇವೆ. 'ಮುತ್ತೈದೆಯರು ಬನ್ನಿ' ಎನ್ನುವುದಿಲ್ಲ. 'ಮನೆಯ ಹೆಂಗಸರು ಬನ್ನಿ' ಎಂದು ಕರೆಯುತ್ತೇವೆ. ಬರುವುದು ಬಿಡುವುದು ಅವರಿಗೆ ಬಿಟ್ಟದ್ದು. ಎದ್ದು ಹೋಗಬೇಕಾದ ಅಗತ್ಯವಾದರೂ ಇರುವುದಿಲ್ಲ.

ನಿಮ್ಮ ಕಾಲೇಜಿನಲ್ಲಿ ಪ್ರೊಜೆಕ್ಟರ್ ಇದೆ, ಶನಿವಾರ ಮಧ್ಯಾಹ್ನ ಖಾಲಿ ಇರುವ ಸೆಮಿನಾರ್ ಹಾಲ್ ಇದೆ. ಒಮ್ಮೆ 'ಫಣಿಯಮ್ಮ' ಹಾಕಿ ನೋಡಿ. ಇನ್ನೊಂದು ಶನಿವಾರ 'ಸಾಂಬಿಝಾಂಗಾ'. ಅದನ್ನು 2021ರಲ್ಲಿ ಹಳೆಯ ರೀಲುಗಳಿಂದ ಹೊಸದಾಗಿ ಸರಿಪಡಿಸಿ ಉಳಿಸಿಕೊಂಡಿದ್ದಾರೆ. ನಮ್ಮ ಚಿತ್ರಗಳನ್ನು ಯಾರು ಉಳಿಸಿಕೊಳ್ಳಬೇಕು? ನೋಡುವವರೇ ಇಲ್ಲದ ಚಿತ್ರಕ್ಕೆ ಸರಕಾರ ದುಡ್ಡು ಹಾಕುತ್ತದೆ ಎಂದು ನಾನು ನಂಬಿಲ್ಲ. ಮೊದಲು ನಾವು ನೋಡೋಣ. ಬೇಡಿಕೆ ಇಡಲು ಆಗ ಮುಖ ಇರುತ್ತದೆ.

ನೋಡಿ ಮನೆಗೆ ಹೋದ ಮೇಲೆ ನಿಮ್ಮ ಮನೆಯ ಮದುವೆಯ ಆಲ್ಬಮ್ ತೆರೆದು ಅಂಚುಗಳನ್ನೂ ಒಮ್ಮೆ ನೋಡಿ. ಅಕ್ಕನ ಮದರಂಗಿಗೂ ವಿಡಿಯೊ ತೆಗೆಯುವ ಕೆಲಸ ನನಗೇ ಬಂದಿದೆ. ಈ ಸಲ ಫೋನನ್ನು ಅಡ್ಡ ಹಿಡಿಯುತ್ತೇನೆ. ಅಡುಗೆಮನೆಯ ಬಾಗಿಲೂ ಒಳಗೆ ಬರಲಿ.